ಸೋಪು ಹಚ್ಚಿದ ಕುಂಬಳಕಾಯಿ

ನಮ್ಮಕ್ಕನ ಎಡಗೈ ಹುಟ್ಟಿನಿಂದಲೇ ಮೊಳಕೈಗಿಂತ ತುಸು ಕೆಳಗೆ ಮುಗಿದುಹೋಗಿದೆ. "ಅಯ್ಯೋ ಪಾಪ" ಎನ್ನುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಪಾಪವಂತೆ, ಪಾಪ! ಬೇಕರಿಯಲ್ಲಿ ಅವಳು ಕೇಕಿನ ಡಬ್ಬಕ್ಕೆ ದಾರ ಕಟ್ಟುವುದನ್ನು ನೋಡಬೇಕು. ಒಂದು ತುದಿಯನ್ನು ಮೊಳಕೈಯಡಿ ಒತ್ತಿ, ಇನ್ನೊಂದನ್ನು ಬೆರಳಲ್ಲಿ ಸುತ್ತಿ, ಗಿರಾಕಿ ಚಿಲ್ಲರೆ ಹುಡುಕುವಷ್ಟರಲ್ಲಿ ಗಂಟು ಬಿಗಿದಿರುತ್ತಾಳೆ. ಆ ಗಂಟನ್ನೇ ಬೆಪ್ಪಾಗಿ ನೋಡುತ್ತ ನಿಂತ ಗಿರಾಕಿಯೊಬ್ಬರು ಆಮೇಲೆ ನಮ್ಮ ಭಾವ ಆದರು.

ಮದುವೆಗೆ ತುಟಿ ಪಿಟಕ್ಕೆನ್ನದ ಅವಳ ಅತ್ತೆ, ಅಕ್ಕ ಬಸುರಿ ಎಂದ ಕೂಡಲೇ ಬಾಯಿ ತೆರೆದರು.

"ಮಗು ಕೈಜಾರಿದ್ರೆ ಏನಮ್ಮಾ ಗತಿ? ಒಂದೆರಡು ವರ್ಷ ದೊಡ್ಡ ಸೊಸೆ ಮನೇಲಿ ಬೆಳೀಲಿ ಬಿಡು."

ಅಕ್ಕನ ಮುಖ ಬಿಳಚಿಕೊಂಡಿತು. ಆದರೂ ಹೇಳಿದಳು: "ನಾನೇ ಸ್ನಾನ ಮಾಡಿಸ್ತೀನಿ ಅತ್ತೆ, ನೀವು ಎದುರಿಗೇ ಕೂತಿರಿ. ಜಾರಿದ್ರೆ ಕರ್ಕೊಂಡು ಹೋಗಿ."

ಹೆರಿಗೆಗೆಂದು ನಮ್ಮ ಮನೆಗೆ ಬಂದವಳೇ ಕೂಸಿನ ಗಾತ್ರದ ಕುಂಬಳಕಾಯಿ ತರಿಸಿದಳು. ಬಚ್ಚಲಲ್ಲಿ ಟಬ್ಬಿಟ್ಟು, ಕಾಯಿಗೆ ಸೋಪು ಹಚ್ಚಿ ತೊಳೆಯಲು ಕೂತಳು. ಸುಯ್ಯನೆ ಜಾರಿ ನೆಲಕ್ಕೆ ಬಿದ್ದು ಹೋಳಾಯಿತು. ನಾನು ಅತ್ತುಬಿಟ್ಟೆ.

"ಯಾಕೇ ಅಳ್ತೀಯ? ಅಡುಗೆಗೆ ಆಯ್ತು. ಇನ್ನೊಂದು ತಾ."

ಒಂದಾದ ಮೇಲೊಂದು ಒಡೆದವು. ನೋಡಲು ಬಂದ ಅತ್ತೆ ತಟ್ಟೆ ಕಂಡು, "ಏನ್ರಮ್ಮಾ, ಈ ಮನೇಲಿ ದಿನಾ ಕುಂಬಳಕಾಯೇನಾ?" ಎಂದಾಗ ನಾನು ಹೆಗಲು ಮುಟ್ಟಿ ನೋಡಿಕೊಳ್ಳುವುದೊಂದು ಬಾಕಿ. ಅಕ್ಕ ಮಾತ್ರ, "ಬಸುರಿ ಬಯಕೆ ಅತ್ತೆ" ಎಂದು ಇನ್ನಷ್ಟು ಬಡಿಸಿಕೊಂಡಳು.

ಹೆಣ್ಣುಮಗು ಹುಟ್ಟಿತು. ಸ್ನಾನದ ದಿನ ಅತ್ತೆ ಟಬ್ಬಿನ ಪಕ್ಕ ಮಣೆ ಹಾಕಿಕೊಂಡು, ಮಗುವಿನ ಕೆಳಗೆ ಎರಡೂ ಕೈ ಒಡ್ಡಿ ಕೂತರು. ಅಕ್ಕ ಕೂಸಿನ ಕತ್ತನ್ನು ಎಡ ಮೊಳಕೈ ಮಡಿಕೆಯಲ್ಲಿಟ್ಟು ಬಲಗೈಯಿಂದ ಸೋಪು ಹಚ್ಚಿದಳು. ಮಗು ಕಿರುಚಿ ಕಾಲು ಝಾಡಿಸಿತು, ಸೊಂಟ ಸರ್ರನೆ ಜಾರಿತು.

"ಅಯ್ಯಯ್ಯೋ!" ಎಂದರು ಅತ್ತೆ.

ಮೊಳಕೈ ಬಿಗಿಯಿತು. ಮಗು ಎಲ್ಲಿಗೂ ಹೋಗಲಿಲ್ಲ. ಅಕ್ಕ ಉಸಿರು ಸಹ ಬಿಡದೆ ಬೆನ್ನು ತೊಳೆದಳು. ಅತ್ತೆ ಮೆಲ್ಲಗೆ ತಮ್ಮ ಕೈ ಹಿಂದಕ್ಕೆ ತೆಗೆದುಕೊಂಡು, "ಟವಲ್ ಎಲ್ಲೇ? ಮಗೂಗೆ ಚಳಿಯಾಗುತ್ತೆ" ಎಂದು ನನ್ನ ಮೇಲೆ ರೇಗಿದರು. ದೊಡ್ಡ ಸೊಸೆಯ ಮಾತು ಮತ್ತೆ ಬರಲಿಲ್ಲ.

ಆ ಕೂಸು ಈಗ ಕಾಲೇಜಿಗೆ ಹೋಗುತ್ತದೆ. ಅಕ್ಕ ಬೇಕರಿಯಲ್ಲಿ ಹೊಸಬರಿಗೆ ಗಂಟು ಕಲಿಸುತ್ತಾಳೆ. ಅತ್ತೆಯ ಕಾಲು ಸ್ವಾಧೀನ ತಪ್ಪಿದೆ. ಹೋದ ತಿಂಗಳು ಭಾವ ಸ್ನಾನ ಮಾಡಿಸಲೆಂದು ಒಬ್ಬ ನರ್ಸನ್ನು ಗೊತ್ತು ಮಾಡಿದರು. ಗಟ್ಟಿಮುಟ್ಟಾದ ಹೆಂಗಸು. ಅತ್ತೆ ಹಟ ಹಿಡಿದು ಕೂತರು.

"ಇವಳು ಬೇಡಪ್ಪಾ, ಇವಳ ಕೈ ಜಾರುತ್ತೆ. ನನ್ನ ಸೊಸೇನ ಕರಿ."

ಅಕ್ಕ ಬಂದು ಬಗ್ಗಿದಳು. ಅತ್ತೆ ಆ ಮೊಳಕೈ ಮಡಿಕೆಯಲ್ಲಿ ತಲೆಯಿಟ್ಟು ಕಣ್ಣು ಮುಚ್ಚಿದರು.