ಶ್ವೇತಾಳ ನಗು ಇದ್ದ ಕಾಪಿ

ಶಿಗ್ಗಾಂವ ಬಸ್ ಸ್ಟ್ಯಾಂಡ್ ಎದುರಿನ ಮಾಲತೇಶನಿಗೆ ಹಳೆಯ ಮೊಬೈಲ್ ರಿಪೇರಿಗೆ ಕೊಟ್ಟರೆ, ಅವನು ಮೊದಲು ಅದರ ಮೆಮೊರಿ ಕಾರ್ಡ್ ತೆಗೆದು ನೋಡುತ್ತಿದ್ದ. ಇದೆಂಥ ಕಳ್ಳಬುದ್ಧಿ ಎಂದು ನಾನೂ ಒಮ್ಮೆ ರೇಗಿದ್ದೆ. ಏನು ಹುಡುಕುತ್ತಿದ್ದಾನೆಂದು ತಿಳಿದ ಮೇಲೆ ನನಗೇ ನಾಚಿಕೆಯಾಯಿತು.

ಹನ್ನೆರಡು ವರ್ಷದ ಹಿಂದೆ ಅವನದು ಡೌನ್‌ಲೋಡಿಂಗ್ ಅಂಗಡಿ. ಹೊಸ ಸಿನಿಮಾ ಬಂದ ಎರಡೇ ದಿನಕ್ಕೆ ಜನ ಇವನ ಹತ್ತಿರ ಕಾರ್ಡಿಗೆ ತುಂಬಿಸಿಕೊಂಡು ಹೋಗುತ್ತಿದ್ದರು. ಅದು ಕಳ್ಳತನ ಎಂದು ಯಾರಿಗೂ ಅನ್ನಿಸಿರಲಿಲ್ಲ, ನಿಜ ಹೇಳಬೇಕೆಂದರೆ ನನಗೂ. ಒಂದು ಸಿನಿಮಾ ಮಾತ್ರ ಇಂಟರ್ನೆಟ್ಟಿನಲ್ಲಿ ಎಲ್ಲೂ ಸಿಗದೆ, ತಾನೇ ಸವಣೂರಿನ ಟಾಕೀಜಿಗೆ ಹೋಗಿ ಮೊಬೈಲಿನಲ್ಲಿ ತೆಗೆದ. ಹೆಣ್ಣುಮಕ್ಕಳು ಜೊತೆಗಿದ್ದರೆ ಯಾರೂ ಸಂಶಯಪಡುವುದಿಲ್ಲವೆಂದು ತಂಗಿ ಶ್ವೇತಾಳನ್ನು ಕರೆದೊಯ್ದಿದ್ದ. ಆ ಕಾಪಿಯಲ್ಲಿ ಅವಳ ನಗು ಸೇರಿಕೊಂಡಿತು. "ಶುರುವಿಗೆ ಯಾವಾಕಿರಿ ಇಕಿ, ಹಲ್ಲು ಕಿಸ್ಯಾಕಿ?" ಎಂದು ಗಿರಾಕಿಗಳು ಗೊಣಗಿದರು. ಅದೇ ಸಿನಿಮಾದ ಸ್ವಚ್ಛ ಪ್ರಿಂಟ್ ಇಂಟರ್ನೆಟ್ಟಿಗೆ ಬಂದ ದಿನವೇ, ಆ ಧಂದೆಯವರ ರೂಢಿಯಂತೆ, ಮಾಲತೇಶ ಹಳೆಯದನ್ನು ಅಳಿಸಿಹಾಕಿದ.

ಮರುವರ್ಷ ಡೆಂಗಿ ಜ್ವರದಲ್ಲಿ ಶ್ವೇತಾ ತೀರಿಕೊಂಡಳು. ಮನೆಯಲ್ಲಿ ಫೋಟೊ ಇವೆ, ದನಿ ಎಲ್ಲೂ ಇಲ್ಲ. ಅವಳು ಹೇಗೆ ನಗುತ್ತಿದ್ದಳೆಂಬುದೇ ಮರೆಯತೊಡಗಿದಾಗ ಅವನಿಗೆ ದಿಗಿಲಾಯಿತು. ಹಾನಗಲ್ಲ, ಹಿರೇಕೆರೂರವರೆಗೂ ಅಲೆದು ಹಳೆಯ ಕಾರ್ಡುಗಳನ್ನು ನೋಡಿದ. ಎಲ್ಲರ ಹತ್ತಿರವೂ ಸ್ವಚ್ಛ ಪ್ರಿಂಟೇ. ಅವನೇ ಕರೆಕರೆದು ಬದಲಿಸಿ ಕೊಟ್ಟಿದ್ದ.

ಹೋದ ತಿಂಗಳು ತಡಸದ ಹಾಲವ್ವ ಕೆಟ್ಟುಹೋದ ಬಟನ್ ಫೋನ್ ತಂದಳು. ನಾನೂ ಅಂಗಡಿಯಲ್ಲಿದ್ದೆ.

"ಕಾರ್ಡಿಗೆ ಏನೂ ಆಗಬಾರ್ದು ನೋಡಪಾ. ಅದ್ರಾಗ ಒಂದು ಪಿಚ್ಚರ್ ಐತಿ. ಶುರುವಿಗೆ ಒಬ್ಬಾಕಿ ನಗ್ತಾಳ. ಬ್ಯಾಸರಾದ್ರ ಅಕಿ ನಗೂದು ಕೇಳ್ತೇನಿ."

ಮಾಲತೇಶ ಕಾರ್ಡ್ ತೆಗೆದು ನನ್ನ ಕೈಗಿಟ್ಟ; ಅದನ್ನು ಕಂಪ್ಯೂಟರಿಗೆ ಹಾಕಿದ್ದು ನಾನೇ. ಓರೆಯಾದ ಪರದೆ, ಮುಂದೆ ಯಾರದೋ ತಲೆಯ ನೆರಳು. ಆಮೇಲೆ ನಗು, ಉಸಿರು ಸಿಕ್ಕಿಕೊಳ್ಳುವಷ್ಟು.

"ಅಕೀನರಿ! ನಮ್ಮ ಶ್ವೇತಾ!" ಮಾಲತೇಶ ನನ್ನ ತೋಳು ಗಟ್ಟಿಯಾಗಿ ಹಿಡಿದುಕೊಂಡ. ಅವಳು ಮತ್ತೊಮ್ಮೆ ನಕ್ಕಳು.

ಅಷ್ಟರಲ್ಲಿ ಕಾಪಿಯೊಳಗೆ ಇನ್ನೊಂದು ದನಿ, ತೀರ ಹತ್ತಿರದಿಂದ: "ಏ, ನಗಬ್ಯಾಡ. ರೆಕಾರ್ಡ್ ಆಗಾಕತ್ತೈತಿ." ಅದು ಮಾಲತೇಶನದೇ ದನಿ. ಹಾಗೆ ಗದರಿದ್ದು ಅವನಿಗೆ ನೆನಪೇ ಇರಲಿಲ್ಲ.

"ಆತು ಅಣ್ಣಾ, ನಗೂದಿಲ್ಲ."

ಸಿನಿಮಾ ಇನ್ನೂ ಎರಡು ತಾಸಿತ್ತು. ಅವನು ಕೊನೆಯವರೆಗೂ ಕಿವಿಗೊಟ್ಟು ಕುಳಿತ. ಅವಳು ನಗಲೇ ಇಲ್ಲ.