ಗಿರಣಿಯ ಹಿಂದಿನ ಬಿಸಿನೀರು

ಆನವಟ್ಟಿಯಿಂದ ತಂದ ಬಿಸ್ಕತ್ತಿನ ರಟ್ಟಿನ ಡಬ್ಬಿ ಮೊನ್ನೆ ಕೈತಪ್ಪಿ ನೀರಿನ ಬಕೆಟ್ಟಿಗೆ ಬಿತ್ತು. ನೆನೆದ ರಟ್ಟಿನ ವಾಸನೆ ಮೂಗಿಗೆ ಬಡಿದದ್ದೇ ತಡ, ಹಳೆಯ ಸಿಟ್ಟು ನೆತ್ತಿಗೇರಿತು. ಬಿಸ್ಕತ್ತು ಹೋದದ್ದಕ್ಕೆ ಸಿಟ್ಟು ಎಂದು ಹೆಂಡತಿ ತಿಳಿದಳು. ತಿಳಿಯಲಿ ಬಿಡಿ.

ಶಿಕಾರಿಪುರದ ಹೊರಗೆ ರದ್ದಿ ಅರೆದು ರಟ್ಟು ಮಾಡುವ ಒಂದು ಸಣ್ಣ ಗಿರಣಿಯಲ್ಲಿ ನಾನು ಗುಮಾಸ್ತನಾಗಿದ್ದೆ. ಒದ್ದೆ ಹಾಳೆ ಒಣಗಬೇಕಾದರೆ ಹಬೆ ಬೇಕು, ಹಬೆಗೆ ಬಾಯ್ಲರು, ಬಾಯ್ಲರಿಗೆ ಲಾರಿಗಟ್ಟಲೆ ಸೌದೆ. ಆ ಬಾಯ್ಲರನ್ನು ನೋಡಿಕೊಳ್ಳುತ್ತಿದ್ದವನು ತೊಗರ್ಸಿಯ ಚನ್ನಬಸಪ್ಪ. ಮರದ ಕೋಲಿನ ಒಂದು ತುದಿಯನ್ನು ಹಬೆಯ ಪೈಪಿಗೆ, ಇನ್ನೊಂದನ್ನು ಕಿವಿಗೆ ಹಚ್ಚಿ, ಹಬೆ ಎಲ್ಲಿ ಪೋಲಾಗುತ್ತಿದೆ ಎಂದು ಹೇಳಿಬಿಡುತ್ತಿದ್ದ. ನಾವು ಅವನನ್ನು ‘ಡಾಕ್ಟ್ರೇ’ ಎಂದು ಗೇಲಿ ಮಾಡುತ್ತಿದ್ದೆವು.

ರಟ್ಟು ಒಣಗಿಸಿದ ಹಬೆ ಮತ್ತೆ ನೀರಾಗಿ, ಕೈ ಸುಡುವಷ್ಟು ಬಿಸಿಯಾಗಿಯೇ ಹಿಂದಿನ ಚರಂಡಿಗೆ ಬೀಳುತ್ತಿತ್ತು. ಪಾಳಿ ಮುಗಿಸಿದವರೆಲ್ಲ ಅದಕ್ಕೆ ತಣ್ಣೀರು ಬೆರೆಸಿ ಸ್ನಾನ ಮಾಡಿಯೇ ಮನೆಗೆ ಹೋಗುತ್ತಿದ್ದರು. ಸುಳ್ಳೇಕೆ, ಮೊದಲ ಬಕೆಟ್ಟು ನನ್ನದೇ.

“ಅದು ನೀರಲ್ರೀ, ನಾ ಸುಟ್ಟ ಸೌದಿ!” ಎಂದು ಚನ್ನಬಸಪ್ಪ ಕೂಗುತ್ತಿದ್ದ. “ಒಂದು ಪೈಪು, ಒಂದು ಪಂಪು ಹಾಕಿ ವಾಪಸ್ ಬಾಯ್ಲರಿಗೆ ಬಿಡ್ರಿ. ಬಿಸಿನೀರು ಚೆಲ್ಲಿ ತಣ್ಣೀರು ಕಾಸ್ತೀವಲ್ಲ, ಮನ್ಯಾಗೆ ಯಾರಾದ್ರೂ ಹಿಂಗ್ ಮಾಡ್ತಾರೇನ್ರಿ?”

ಅವನ ಮಾತನ್ನು ಬರೆದು ಮಾಲೀಕರಿಗೆ ಕೊಡುವುದು ನನ್ನ ಕೆಲಸ. ಬರೆದೆ. ಡ್ರಾಯರಿನಲ್ಲಿಟ್ಟೆ. ಪೈಪು ಬಂದರೆ ಸ್ನಾನ ಹೋಗುತ್ತಲ್ಲ!

ಸೌದೆ ವಿಪರೀತ ಸುಡುತ್ತಿದೆಯೆಂದು ಮಾಲೀಕರು ಒಂದು ದಿನ ಇಂಧನ ಉಳಿತಾಯದ ಸಭೆ ಕರೆದರು. ಏನು ಸಭೆಯೋ! ಊಟದ ಕೋಣೆಯ ಫ್ಯಾನು ಬಿಚ್ಚಿಸಿದರು. ‘ಇಂಧನ ಉಳಿಸಿ’ ಎಂಬ ಬೋರ್ಡು ಬರೆಸಿದರು. ಬೆಂಕಿ ಹಾಕಲು ಬರುವುದಿಲ್ಲವೆಂದು ಚನ್ನಬಸಪ್ಪನನ್ನು ಬಾಯ್ಲರಿನಿಂದ ಬಿಡಿಸಿ ಗೇಟು ಕಾಯಲು ಹಾಕಿದರು. ಅವನಿಗೆ ಬೆಂಕಿ ಹಾಕಲು ಬರುವುದಿಲ್ಲವಂತೆ! ಇಂಥ ಅನ್ಯಾಯದ ಆದೇಶವನ್ನು ಟೈಪು ಮಾಡಿದವನು ಯಾರು ಹೇಳಿ? ನಾನೇ. ಡ್ರಾಯರು ಮೊಣಕಾಲಿಗೆ ತಾಗುತ್ತಿತ್ತು. ತೆರೆಯಲಿಲ್ಲ. ಅವನು ನಿವೃತ್ತನಾಗುವವರೆಗೆ ಗೇಟಿನ ಪಕ್ಕ ಆ ಕೋಲು ಹಿಡಿದೇ ಕೂತಿರುತ್ತಿದ್ದ.

ಈಗ ಗಿರಣಿ ಬೇರೆಯವರದು. ಹೊರಗಿನಿಂದ ಬಂದ ಎಂಜಿನಿಯರು ಅದೇ ಪೈಪು, ಅದೇ ಪಂಪು ಹಾಕಿಸಿ, ಶಾಲು ಹೊದಿಸಿಕೊಂಡು ಹೋದರಂತೆ. ಚನ್ನಬಸಪ್ಪನ ಹೆಸರನ್ನು ಒಬ್ಬರೂ ಎತ್ತಲಿಲ್ಲವಂತೆ.

ಒದ್ದೆ ಡಬ್ಬಿ ಅಲ್ಲೇ ಬಿಟ್ಟು ಬೈಕು ಹತ್ತಿ ತೊಗರ್ಸಿಗೆ ಹೋದೆ. ಮುದುಕ ಕಟ್ಟೆಯ ಮೇಲೆ ಕೂತಿದ್ದ. ಪೈಪಿನ ಸುದ್ದಿ ಹೇಳಿದೆ. ಡ್ರಾಯರಿನ ಸುದ್ದಿಯನ್ನೂ ಹೇಳಿದೆ.

“ಗೊತ್ತಿತ್ತು ಬಿಡ್ರಿ,” ಅಂದ. “ಬಕೆಟ್ ಹಿಡ್ಕಂಡು ಮೊದ್ಲು ಓಡ್ತಿದ್ದೋರು ನೀವೇ ಅಲ್ಲೇನು?”

ಇದಕ್ಕಿಂತ ಎರಡು ಏಟು ಹಾಕಿದ್ದರೆ ಚೆನ್ನಾಗಿತ್ತು. ಆಮೇಲೆ ಅವನೇ ಕೇಳಿದ: “ಆ ಪೈಪಿಗೆ ಶಾಖ ಹೋಗ್ದಂಗೆ ಮೇಲೆ ಏನಾರ ಸುತ್ಯಾರೋ, ಇಲ್ಲೋ? ಸುತ್ತದಿದ್ರೆ ದಾರ್ಯಾಗೇ ಆರಿಹೋಗ್ತೈತಿ.”

ಗೊತ್ತಿಲ್ಲ ಅಂದೆ.

“ನೋಡ್ಕಂಡ್ ಬರ್ರಿ ಮತ್ತೆ.”

ಅಲ್ಲಿಂದ ನೇರ ಗಿರಣಿಗೆ ಹೋದೆ. ಪೈಪು ಬತ್ತಲೆಯಾಗಿತ್ತು. ಮುಟ್ಟಿದೆ, ಅಂಗೈ ಚುರ್ರೆಂದಿತು. ಆಫೀಸಿಗೆ ನುಗ್ಗಿ ಒಂದು ಹಾಳೆ ಕೇಳಿ ಪಡೆದು ಅವನ ಮಾತನ್ನು ಬರೆದೆ. ಕೆಳಗೆ ‘ಚನ್ನಬಸಪ್ಪ, ಬಾಯ್ಲರು’ ಎಂದು ದೊಡ್ಡದಾಗಿ ಹೆಸರು ಹಾಕಿದೆ. ಮ್ಯಾನೇಜರ ಕೈಗೇ ಕೊಟ್ಟು, ಅವರು ಓದಿ ಮುಗಿಸುವವರೆಗೆ ಎದುರಿಗೇ ನಿಂತಿದ್ದೆ.