ದ್ಯಾಮಮ್ಮನ ಕೋಳಿಗಳಿಗೆ ಬಿಸಿನೀರು

ಚೌಳಹಿರಿಯೂರಿನ ದ್ಯಾಮಮ್ಮನ ಹಿತ್ತಿಲಲ್ಲಿ ಒಂಬತ್ತು ನಾಟಿ ಕೋಳಿ, ಒಂದು ಹುಂಜ. ಆ ವರ್ಷ ಮಗಳು ಅಕ್ಷತಾ ಬಾಣಂತನಕ್ಕೆ ಬಂದಿದ್ದಳು. ಬಾಣಂತಿಗೆ ದಿನಕ್ಕೊಂದು ನಾಟಿ ಮೊಟ್ಟೆ ಕೊಡಲೇಬೇಕೆಂದು ದ್ಯಾಮಮ್ಮನ ಹಟ. ಆದರೆ ಸಂಕ್ರಾಂತಿಗೆ ಇನ್ನು ನಾಲ್ಕು ದಿನ ಇರುವಾಗ ಕೋಳಿಗಳು ಮೊಟ್ಟೆ ಇಡುವುದನ್ನೇ ನಿಲ್ಲಿಸಿದವು.

ಚಳಿ ಎಂದರೆ ಅಂಥ ಚಳಿ. ಬಯಲಿನ ಗಾಳಿಗೆ ಬೆಳಿಗ್ಗೆ ಒಂಬತ್ತಾದರೂ ಜನ ಕಂಬಳಿ ಬಿಡುತ್ತಿರಲಿಲ್ಲ. ಕೋಳಿಗಳು ಗರಿ ಉಬ್ಬಿಸಿಕೊಂಡು ಗೋಡೆಯ ಮೂಲೆಗೆ ಒತ್ತಿಕೊಂಡಿದ್ದವು. ರಾಗಿ ಚೆಲ್ಲಿದರೂ ನಾಲ್ಕು ಕಾಳು ಹೆಕ್ಕಿ ಸುಮ್ಮನಾಗುತ್ತಿದ್ದವು.

"ರೋಗ ಬಂದೈತೆ ಕಣೇ. ಒಂದೊಂದಾಗಿ ಸಾರು ಮಾಡ್ಬಿಡು" ಎಂದ ಗಂಡ ದೊಡ್ಡಬೀರಪ್ಪ.

"ನಿನ್ ನಾಲ್ಗೆಗೆ ಹಬ್ಬ. ನನ್ ಮಗಳಿಗೇನು?" ಎಂದು ಗದರಿದ ದ್ಯಾಮಮ್ಮ, ಒಂದು ಕೋಳಿಯನ್ನು ಬುಟ್ಟಿಗೆ ಹಾಕಿಕೊಂಡು ದನದ ಆಸ್ಪತ್ರೆಗೆ ಹೋದಳು.

ಡಾಕ್ಟರ್ ರೇಣುಕಪ್ರಸಾದ್ ಕೋಳಿಯ ಕತ್ತಿನ ಬುಡ ಒತ್ತಿ ನೋಡಿದರು. "ರೋಗ ಏನಿಲ್ಲಮ್ಮ. ತಿಂದ ಕಾಳು ಒಣಗಿ ಕೂತಿದೆ. ಇವು ನೀರೇ ಕುಡೀತಿಲ್ಲ. ನೀರು ಎಲ್ಲಿಡ್ತೀಯ?"

"ಹೊರಗೆ, ಅಲ್ಯೂಮಿನಿಯಂ ಬೋಗುಣೀಲಿ."

"ನಾಳೆ ಬೆಳಿಗ್ಗೆ ಅದ್ರಲ್ಲಿ ಕೈ ಅದ್ದಿ ನೂರು ಎಣಿಸು."

ಮರುದಿನ ಬೆಳಿಗ್ಗೆ ಇಪ್ಪತ್ತು ಎಣಿಸುವಷ್ಟರಲ್ಲೇ ದ್ಯಾಮಮ್ಮನ ಬೆರಳು ಮರಗಟ್ಟಿದವು. "ಅಯ್ಯೋ ನನ್ ಕಂದಮ್ಮಗಳಾ, ಇದನ್ನ ಕುಡೀರಿ ಅಂತ ನಿಮ್ಮ ಮುಂದೆ ಇಡ್ತಿದ್ನಲ್ಲಾ!"

ಕೂಡಲೇ ಬಚ್ಚಲ ಹಂಡೆಯಿಂದ ಉಗುರುಬೆಚ್ಚಗಿನ ನೀರು ತಂದಿಟ್ಟಳು. ಎರಡು ಕೋಳಿ ಕುಡಿದವು. ಉಳಿದವು ಬರುವಷ್ಟರಲ್ಲಿ ಗಾಳಿಗೆ ನೀರು ಆರಿತ್ತು. ಮತ್ತೆ ತಂದಳು, ಮತ್ತೆ ಆರಿತು. ನಾಲ್ಕನೇ ಸಲಕ್ಕೆ ಬಚ್ಚಲಿನಿಂದ ಕೂಗು ಕೇಳಿಸಿತು. ಮೈಗೆಲ್ಲ ಸೋಪು ಹಚ್ಚಿಕೊಂಡ ದೊಡ್ಡಬೀರಪ್ಪನಿಗೆ ಹಂಡೆಯ ತಳ ಕಂಡಿತ್ತು.

"ಲೇ, ಕೋಳಿಗೆ ಬಿಸಿನೀರು, ಗಂಡನಿಗೆ ತಣ್ಣೀರಾ?"

"ಕೋಳಿ ಮೊಟ್ಟೆ ಇಡ್ತದೆ. ನೀನೇನು ಇಡ್ತೀಯ?"

ಒಳಕೋಣೆಯಲ್ಲಿ ಅಕ್ಷತಾ ನಕ್ಕ ರಭಸಕ್ಕೆ ಮಲಗಿದ್ದ ಮಗು ಎದ್ದು ಅತ್ತಿತು.

ಮಧ್ಯಾಹ್ನ ಬಚ್ಚಲೊಲೆಯ ಬೂದಿಯ ಮೇಲೆ ಬೆಕ್ಕು ಸುಖವಾಗಿ ನಿದ್ದೆ ಹೋಗಿರುವುದು ದ್ಯಾಮಮ್ಮನ ಕಣ್ಣಿಗೆ ಬಿತ್ತು. ಬೂದಿ ಮುಟ್ಟಿದಳು. ಬೆಳಿಗ್ಗೆ ಉರಿಸಿದ ತೆಂಗಿನ ಮಟ್ಟೆಯ ಬೂದಿ ಇನ್ನೂ ಬೆಚ್ಚಗಿತ್ತು! ಬೆಕ್ಕನ್ನು ಎಬ್ಬಿಸಿ, ಬೂದಿಯನ್ನು ಒಂದು ಬಾಂಡ್ಲಿಗೆ ತುಂಬಿದಳು. ಅದರಲ್ಲಿ ದಪ್ಪನೆಯ ಮಣ್ಣಿನ ಕುಡಿಕೆಯನ್ನು ಕತ್ತಿನ ತನಕ ಹೂತು, ಬಿಸಿನೀರು ಹೊಯ್ದು, ಗಾಳಿ ಬೀಸುವ ಕಡೆಗೆ ಇಟ್ಟಿಗೆ ಅಡ್ಡ ಇಟ್ಟಳು.

ಸಂಜೆಯಾದರೂ ನೀರು ಕೊರೆಯಲಿಲ್ಲ. ಮೊದಲು ಕೆಂಪು ಹೇಂಟೆ ಬಂದು ಕೊಕ್ಕು ಅದ್ದಿ, ಮುಖ ಮೇಲೆತ್ತಿ ಗುಟುಕರಿಸಿತು. ಹಿಂದೆಯೇ ಉಳಿದವು ನುಗ್ಗಿ ಬಂದವು. ದ್ಯಾಮಮ್ಮ ಕುಕ್ಕರಗಾಲಲ್ಲಿ ಕುಳಿತು, ಒಂದೊಂದು ಕುಡಿಯುವುದನ್ನೂ ಕಣ್ತುಂಬ ನೋಡಿದಳು.

ಎಂಟನೇ ದಿನ ಬುಟ್ಟಿಯಲ್ಲಿ ಒಂದು ಮೊಟ್ಟೆ. ಇನ್ನೊಂದು ವಾರ ಕಳೆಯುವಷ್ಟರಲ್ಲಿ ದಿನಕ್ಕೆ ನಾಲ್ಕು. ಅಕ್ಷತಾ ತಿಂದು ಮಿಕ್ಕಿದ್ದರಲ್ಲಿ ಪಕ್ಕದ ಮನೆಯ ಬಾಣಂತಿಗೂ ಹೋಯಿತು, ಜೊತೆಗೆ ಬೂದಿ ಬಾಂಡ್ಲಿಯ ಉಪಾಯವೂ. ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಹೊರಟುಹೋಯಿತು. ಈಗ ಬಿಸಿಲಿಗೆ ನೀರು ಕಾಯುತ್ತದೆಂದು ದ್ಯಾಮಮ್ಮ ಕುಡಿಕೆಯನ್ನು ಹೊಂಗೆ ಮರದ ನೆರಳಿಗೆ ಎತ್ತಿಟ್ಟಿದ್ದಾಳೆ.